ಕಾವಲುಗಾರನ ಕೀರ್ತಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಒಂದು ಶೈಕ್ಷಣಿಕ ಜಿಲ್ಲೆಯಾಗಿವೆ. ಪ್ರತಿವರ್ಷವೂ ಮಳೆಗಾಲದ ನಡುವೆ ಇಲ್ಲಿನ ಶಾಲೆಗಳಲ್ಲಿ ಹೋಬಳಿಯಿಂದ ತೊಡಗಿ ತಾಲ್ಲೂಕು, ಜಿಲ್ಲೆಗಳವರೆಗೆ ಕ್ರೀಡಾಕೂಟಗಳು ಜರುಗುತ್ತವೆ. ಬಹುಮಾನ ಹಂಚುವ ಹೊತ್ತಿಗೆ ವೇದಿಕೆಯ ಮೇಲಿಂದ ಮೊದಲು ಕೂಗುವ ಹೆಸರು ಅತ್ಯಧಿಕ ಅಂಕ ಗಳಿಸಿದವನದು. ಎದುರಾಳಿಯು ಗಳಿಸಬಹುದಾಗಿದ್ದ ಅಂಕಗಳನ್ನು ಗಳಿಸದಂತೆ ತಡೆದವನೊಬ್ಬನು ಅದೇ ತಂಡದಲ್ಲಿ ಇದ್ದೇ ಇರುತ್ತಾನೆ. ಅವನ ಹೆಸರನ್ನು ಕೂಗುವುದು ಅಪರೂಪ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಗಳಿಕೆಯನ್ನು ಎಣಿಸುವುದು ಸುಲಭ, ತಡೆಯನ್ನು ಎಣಿಸುವುದು ಕಷ್ಟ. ಆದರೆ ಎಣಿಕೆಗೆ ಸಿಕ್ಕದ ಗುಣವು ಗುಣವೇ ಅಲ್ಲವೆಂಬ ಭಾವನೆಯು ಎಳೆಯ ಮನಸ್ಸುಗಳಲ್ಲಿ ಬೇರೂರಿದರೆ ಅದರ ಫಲವು ಆಟದ ಬಯಲಿಗೆ ಮಾತ್ರ ಸೀಮಿತವಾಗಿರದು. ಆದಕಾರಣ, ತಡೆಯುವುದನ್ನೇ ತನ್ನ ವಿದ್ಯೆಯನ್ನಾಗಿ ಮಾಡಿಕೊಂಡು, ಆ ವಿದ್ಯೆಯಿಂದಲೇ ಲೋಕಮಾನ್ಯನಾದ ಒಬ್ಬ ಕ್ರೀಡಾಪಟುವಿನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಆತನು ನಮ್ಮ ನಾಡಿನವನಲ್ಲ. ಅಮೇರಿಕಾ ದೇಶದ ಕರಿಯರ ಕುಲದಲ್ಲಿ ಹುಟ್ಟಿದವನು. ಹೆಸರು ಕೆ. ಸಿ. ಜೋನ್ಸ್.

ದೂರದೇಶದವನ ಕಥೆ ನಮಗೇಕೆ ಎಂದು ಕೇಳುವವರು ತಮ್ಮ ತಾಲ್ಲೂಕಿನ ಬೆಟ್ಟಗಳತ್ತ ಒಮ್ಮೆ ಕಣ್ಣೆತ್ತಿ ನೋಡಬೇಕು. ಮಧುಗಿರಿಯ ಏಕಶಿಲೆಯ ದುರ್ಗ, ಅದರ ನೆರೆಯ ಮಿಡಿಗೇಶಿ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗ, ಪಾವಗಡದ ಕೋಟೆ, ಅದರಾಚೆ ನಿಡಗಲ್ಲು, ಬಯಲಿನಲ್ಲಿ ಶಿರಾದ ಕೋಟೆ—ಇವೆಲ್ಲವೂ ಪರರ ನಾಡನ್ನು ಗೆಲ್ಲಲು ಕಟ್ಟಿದವುಗಳಲ್ಲ. ಇದ್ದುದನ್ನು ಉಳಿಸಿಕೊಳ್ಳಲು ಕಟ್ಟಿದವು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಕೆರೆಯೇ ಜೀವ. ಕೆರೆ ತುಂಬಿ ಕೋಡಿ ಬಿದ್ದ ದಿನ ಬಾಗಿನ ಅರ್ಪಿಸುವವರನ್ನು ಎಲ್ಲರೂ ನೋಡುತ್ತಾರೆ. ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ಲಾಂದ್ರ ಹಿಡಿದು ನಡೆದು, ಬಿರುಕನ್ನು ಹುಡುಕಿ ಮಣ್ಣು ಮೆತ್ತಿದ ನೀರಗಂಟಿಯನ್ನು ಯಾರೂ ನೋಡುವುದಿಲ್ಲ. ಏರಿ ಒಡೆದರೆ ಮಾತ್ರ ಅವನ ನೆನಪಾಗುತ್ತದೆ. ಜೋನ್ಸರು ಬುಟ್ಟಿಚೆಂಡಾಟದ ನೀರಗಂಟಿ. ಅವರನ್ನು ಅರ್ಥಮಾಡಿಕೊಳ್ಳಲು ನಮ್ಮ ಸೀಮೆಯವರಿಗಿಂತ ಯೋಗ್ಯರಾದ ಓದುಗರು ಬೇರೆಡೆ ದೊರೆಯಲಾರರು.

ಆಟದ ಸ್ವರೂಪ

ಬ್ಯಾಸ್ಕೆಟ್‌ಬಾಲ್ ಎಂದು ಎಲ್ಲರೂ ಕರೆಯುವ ಈ ಆಟವು ೧೮೯೧ನೆಯ ಇಸವಿಯ ಡಿಸೆಂಬರಿನಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಒಂದು ತರಬೇತಿ ಶಾಲೆಯಲ್ಲಿ ಹುಟ್ಟಿತು. ಚಳಿಗಾಲದಲ್ಲಿ ಹೊರಗೆ ಆಡಲಾರದ ವಿದ್ಯಾರ್ಥಿಗಳಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆದು, ೧೩ ನಿಯಮಗಳನ್ನು ಬರೆದು ಇದನ್ನು ಪ್ರಾರಂಭಿಸಿದರು. ನಮ್ಮ ದೇಶಕ್ಕೆ ಇದನ್ನು ತಂದವರು ವೈ.ಎಂ.ಸಿ.ಎ. ಸಂಸ್ಥೆಯವರು. ೧೯೨೦ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿನಲ್ಲಿ ಸ್ಥಾಪಿಸಿದ ಅಂಗಸಾಧನೆಯ ಕಾಲೇಜಿನಿಂದ ತರಬೇತಿ ಹೊಂದಿದ ಉಪಾಧ್ಯಾಯರು ದಕ್ಷಿಣದ ಶಾಲೆಗಳಿಗೆ ಈ ಆಟವನ್ನು ಕೊಂಡೊಯ್ದರು. ೧೯೮೦ರ ಮಾಸ್ಕೋ ಒಲಿಂಪಿಕ್ ಕೂಟದಲ್ಲಿ ನಮ್ಮ ಪುರುಷರ ತಂಡವು ಆಡಿತು. ೨೦೧೭ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಏಷ್ಯಾ ಕಪ್ಪಿನ ಎರಡನೆಯ ವಿಭಾಗದಲ್ಲಿ ನಮ್ಮ ಮಹಿಳೆಯರು ಕಜಕಸ್ತಾನದ ತಂಡವನ್ನು ಎರಡೇ ಅಂಕಗಳ ಅಂತರದಲ್ಲಿ ಸೋಲಿಸಿ ಅಗ್ರಸ್ಥಾನ ಪಡೆದರು.

ಒಂದೊಂದು ಪಕ್ಷಕ್ಕೆ ಐವರು ಆಟಗಾರರು. ಬುಟ್ಟಿಯು ನೆಲದಿಂದ ೧೦ ಅಡಿ ಎತ್ತರದಲ್ಲಿರುತ್ತದೆ. ಬುಟ್ಟಿಯಿಂದ ದೂರದಲ್ಲಿದ್ದು ಚೆಂಡನ್ನು ನಡೆಸಿಕೊಂಡು ಬರುವ ಇಬ್ಬರಿಗೆ ಗಾರ್ಡ್, ಅಂದರೆ ಕಾವಲುಗಾರ, ಎಂಬ ಹೆಸರು. ಹೆಸರು ಕಾವಲಿನದಾದರೂ, ಕಾಲಕ್ರಮದಲ್ಲಿ ಈ ಸ್ಥಾನವು ಚಮತ್ಕಾರದಿಂದ ಚೆಂಡಾಡಿ ಅಂಕ ಕೂಡಿಸುವವರ ಸ್ಥಾನವಾಯಿತು. ಆ ಹೆಸರಿಗೆ ಅದರ ಮೂಲಾರ್ಥವನ್ನು ಮರಳಿ ತಂದುಕೊಟ್ಟವರಲ್ಲಿ ಜೋನ್ಸರು ಅಗ್ರಗಣ್ಯರು.

ತಡೆಯುವವನ ಕೆಲಸವೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅವನು ಮೊಣಕಾಲು ಬಗ್ಗಿಸಿ, ಸೊಂಟವನ್ನು ತಗ್ಗಿಸಿ ನಿಲ್ಲಬೇಕು. ಎದುರಾಳಿಯ ಕಣ್ಣನ್ನಾಗಲಿ ಕೈಯ ಚೆಂಡನ್ನಾಗಲಿ ನೋಡದೆ ಅವನ ಸೊಂಟವನ್ನೇ ನೋಡುತ್ತಿರಬೇಕು; ಏಕೆಂದರೆ ಕಣ್ಣು ವಂಚಿಸಬಹುದು, ಭುಜ ವಂಚಿಸಬಹುದು, ಸೊಂಟವು ಮಾತ್ರ ದೇಹವು ಹೋಗುವ ಕಡೆಗೇ ಹೋಗುತ್ತದೆ. ಕಾಲುಗಳನ್ನು ಒಂದರ ಮೇಲೊಂದು ಹಾಕದೆ ಪಕ್ಕಕ್ಕೆ ಜಾರಿಸುತ್ತಾ ಅವನಿಗಿಂತ ಅರ್ಧ ಹೆಜ್ಜೆ ಮೊದಲೇ ಹೋಗಿ ನಿಲ್ಲಬೇಕು. ಅವನಿಗೆ ಅಭ್ಯಾಸವಿಲ್ಲದ ಕೈಯ ಕಡೆಗೆ ಅವನನ್ನು ತಿರುಗಿಸಬೇಕು. ಅಂಕಣದ ಅಂಚುಗೆರೆಯ ಕಡೆಗೆ ನೂಕಬೇಕು. ಅಂಚುಗೆರೆಯೂ ಒಬ್ಬ ಕಾವಲುಗಾರನೇ ಎಂಬುದನ್ನು ಬಲ್ಲವನು ಬಲ್ಲ. ಇಷ್ಟೆಲ್ಲವನ್ನೂ ಎದುರಾಳಿಯ ಮೈ ಮುಟ್ಟದೆ ಮಾಡಬೇಕು. ಮುಟ್ಟಿದರೆ ತಪ್ಪು, ತಪ್ಪು ಹೆಚ್ಚಿದರೆ ಆಟದಿಂದ ಹೊರಗೆ. ಇದು ಕೇವಲ ದೇಹಬಲದ ವಿಷಯವಲ್ಲ. ಬುದ್ಧಿ, ಸಂಯಮ, ತಾಳ್ಮೆ ಈ ಮೂರೂ ಸೇರಿದ ವಿದ್ಯೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜೋನ್ಸರು ಹುಟ್ಟಿದ್ದು ೧೯೩೨ರ ಮೇ ೨೫ರಂದು, ಟೆಕ್ಸಾಸ್ ಸಂಸ್ಥಾನದ ಟೇಲರ್ ಎಂಬ ಊರಿನಲ್ಲಿ. ಕೆ. ಸಿ. ಎಂಬುದು ಯಾವುದೇ ಹೆಸರಿನ ಸಂಕ್ಷೇಪವಲ್ಲ. ತಂದೆಯ ಹೆಸರೂ ಅದೇ, ಮಗನ ಹೆಸರೂ ಅದೇ. ಅಂದಿನ ಟೆಕ್ಸಾಸಿನಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ಬಾಗಿಲು, ಬೇರೆ ಪೀಠ. ಬಾಲಕನಿಗೆ ಒಂಬತ್ತು ವರ್ಷವಾಗುವ ಹೊತ್ತಿಗೆ ತಂದೆತಾಯಿಗಳು ಬೇರೆಯಾದರು. ತಾಯಿಯು ಮಕ್ಕಳನ್ನು ಕರೆದುಕೊಂಡು ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬಂದಳು. ಅಲ್ಲಿನ ಕಾಮರ್ಸ್ ಪ್ರೌಢಶಾಲೆಯಲ್ಲಿ ಹುಡುಗನು ಬ್ಯಾಸ್ಕೆಟ್‌ಬಾಲನ್ನೂ ಅಮೇರಿಕನ್ ಫುಟ್‌ಬಾಲನ್ನೂ ಆಡಿ ಹೆಸರು ಮಾಡಿದನು. ಮಿತಭಾಷಿ, ಸಂಕೋಚ ಸ್ವಭಾವದವನು. ತನಗಾಗಿ ಬಾಯಿಬಿಟ್ಟು ಕೇಳುವ ಗುಣ ಅವನಲ್ಲಿರಲಿಲ್ಲ. ಶಾಲೆಯ ಉಪಾಧ್ಯಾಯಿನಿಯೊಬ್ಬರು ಅವನ ಪರವಾಗಿ ಮಾತನಾಡಿದುದರಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ದೊರೆಯಿತು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿರುವ ನಮ್ಮ ಉಪಾಧ್ಯಾಯ ಬಂಧುಗಳು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಒಬ್ಬ ಗುರುವಿನ ಒಂದು ಮಾತಿನಿಂದ ಒಂದು ಬಾಳು ತಿರುಗಿತು.

ಆ ವಿಶ್ವವಿದ್ಯಾಲಯವು ಯೇಸು ಸಂಘದ ಪಾದ್ರಿಗಳು ನಡೆಸುತ್ತಿದ್ದ ಚಿಕ್ಕ ಸಂಸ್ಥೆ. ಅದಕ್ಕೆ ಸ್ವಂತದ ಆಟದ ಮಂದಿರವಿರಲಿಲ್ಲ. ತಂಡವು ನೆರೆಯ ಪ್ರೌಢಶಾಲೆಯ ಮಂದಿರವನ್ನು ಎರವಲು ಪಡೆದು ಅಭ್ಯಾಸ ಮಾಡುತ್ತಿತ್ತು. ಮನೆಯಿಲ್ಲದವರೆಂದೇ ಪತ್ರಿಕೆಗಳು ಅವರನ್ನು ಕರೆದವು. ಅವರಿಗೆ ಸ್ವಂತ ಮಂದಿರವಾದದ್ದು ೧೯೫೮ರಲ್ಲಿ; ಅಷ್ಟರೊಳಗೆ ಅವರು ಎರಡು ಸಾರಿ ಇಡೀ ದೇಶದ ಕಾಲೇಜುಗಳನ್ನು ಗೆದ್ದಾಗಿತ್ತು. ನಮ್ಮಲ್ಲಿ ಅಂಕಣವಿಲ್ಲ, ಮಂದಿರವಿಲ್ಲ, ಸಾಮಗ್ರಿಯಿಲ್ಲ ಎಂಬ ಮಾತು ದಿಟವೇ ಆದರೂ, ಅದು ಕೊನೆಯ ಮಾತಾಗಬೇಕಿಲ್ಲ.

ಆದರೆ ಆ ಚಿಕ್ಕ ಸಂಸ್ಥೆಗೆ ಬೇರೊಂದು ಹಿರಿಮೆಯಿತ್ತು. ಜೋನ್ಸರು ಸೇರಿದ ೧೯೫೧ರ ವರ್ಷದಲ್ಲಿಯೇ ಅದರ ಫುಟ್‌ಬಾಲ್ ತಂಡವು ಒಂದು ಪಂದ್ಯವನ್ನೂ ಸೋಲದೆ ವರ್ಷವನ್ನು ಮುಗಿಸಿತು. ತಂಡದ ಇಬ್ಬರು ಕರಿಯ ಆಟಗಾರರನ್ನು ಬಿಟ್ಟು ಬರುವುದಾದರೆ ವರ್ಷಾಂತ್ಯದ ದೊಡ್ಡ ಪಂದ್ಯಕ್ಕೆ ಕರೆಯುವೆವೆಂಬ ಸೂಚನೆ ಬಂದಾಗ ತಂಡವು ಆ ಕರೆಯನ್ನೇ ನಿರಾಕರಿಸಿತು. ಮರುವರ್ಷ ವಿಶ್ವವಿದ್ಯಾಲಯವು ಹಣದ ಅಡಚಣೆಯಿಂದ ಫುಟ್‌ಬಾಲನ್ನೇ ಕೈಬಿಟ್ಟಿತು. ಹಣ ಹೋಯಿತು, ಮಾನ ಉಳಿಯಿತು.

ಕೊಠಡಿಯ ಸಂವಾದ

ವಿದ್ಯಾರ್ಥಿನಿಲಯದಲ್ಲಿ ಜೋನ್ಸರ ಕೊಠಡಿಗೆ ಬಂದು ಸೇರಿದವನು ಬಿಲ್ ರಸ್ಸೆಲ್ ಎಂಬ ಎತ್ತರದ ಹುಡುಗ. ಮುಂದೆ ಬ್ಯಾಸ್ಕೆಟ್‌ಬಾಲಿನ ಇತಿಹಾಸದಲ್ಲಿಯೇ ಅತ್ಯಂತ ಹೆಚ್ಚು ವಿಜಯಗಳನ್ನು ಕಂಡವನು ಇವನೇ. ಆರಂಭದ ವಾರಗಳಲ್ಲಿ ಜೋನ್ಸರು ಒಂದು ಮಾತನ್ನೂ ಆಡಲಿಲ್ಲವೆಂದೂ, ಆಮೇಲೆ ಮಾತು ತೊಡಗಿದಾಗ ಅದೆಲ್ಲವೂ ಆಟದ ವಿಚಾರವೇ ಆಗಿತ್ತೆಂದೂ ರಸ್ಸೆಲ್ಲರು ತಮ್ಮ ಆತ್ಮಕಥನದಲ್ಲಿ ಸ್ಮರಿಸಿದ್ದಾರೆ. ಆ ಮಾತುಗಳು ಕ್ಷೇತ್ರಗಣಿತದ ಪಾಠದಂತಿದ್ದವು. ಯಾವ ಕೋನದಿಂದ ಚೆಂಡು ಬಿಟ್ಟರೆ ಎಲ್ಲಿ ಬೀಳುತ್ತದೆ, ಒಬ್ಬನನ್ನು ಎಲ್ಲಿ ತಡೆದರೆ ಅವನು ಎಲ್ಲಿಗೆ ತಿರುಗಲೇಬೇಕಾಗುತ್ತದೆ, ಹಾಗೆ ತಿರುಗಿದವನನ್ನು ಎದುರುಗೊಳ್ಳಲು ಹಿಂದಿನವನು ಎಲ್ಲಿ ನಿಂತಿರಬೇಕು ಎಂಬುದನ್ನು ಈ ಇಬ್ಬರೂ ರಾತ್ರಿಗಟ್ಟಲೆ ವಿಚಾರಮಾಡಿದರು. ಇದರಿಂದ ಹುಟ್ಟಿದ ಏರ್ಪಾಡು ಸರಳವಾದುದು. ಜೋನ್ಸರು ಮುಂದೆ ನಿಂತು ಚೆಂಡು ತರುವವನನ್ನು ಒತ್ತಿ ಹಿಡಿಯುವರು. ತಪ್ಪಿಸಿಕೊಂಡು ಬಂದವನಿಗೆ ಬುಟ್ಟಿಯ ಬಳಿ ರಸ್ಸೆಲ್ಲರು ಎದುರಾಗುವರು. ಹೊರಕೋಟೆಯ ಕಾವಲು ಒಬ್ಬನದು, ಒಳಕೋಟೆಯ ಕಾವಲು ಮತ್ತೊಬ್ಬನದು. ಮಧುಗಿರಿಯ ದುರ್ಗವನ್ನು ಬಾಗಿಲು ಬಾಗಿಲು ದಾಟಿ ಹತ್ತಿದವರಿಗೆ ಈ ರಚನೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಶಿಕ್ಷಕ ಫಿಲ್ ವೂಲ್‌ಪರ್ಟರೂ ತಡೆಯುವ ಆಟದ ಪಕ್ಷಪಾತಿಗಳೇ. ಅವರು ರಸ್ಸೆಲ್, ಜೋನ್ಸ್, ಹಾಲ್ ಪೆರಿ ಎಂಬ ಮೂವರು ಕರಿಯರನ್ನು ಮೊದಲ ಐವರಲ್ಲಿ ಇಳಿಸಿದರು. ಅಂದಿನ ಅಮೇರಿಕೆಯಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ಒಬ್ಬನನ್ನು ಸೇರಿಸಿಕೊಳ್ಳುವುದೇ ದೊಡ್ಡದೆಂದು ಅನೇಕ ಕಾಲೇಜುಗಳು ಭಾವಿಸುತ್ತಿದ್ದ ಕಾಲವದು.

೧೯೫೩ರ ಕೊನೆಯಲ್ಲಿ, ಆ ವರ್ಷದ ಆಟಗಳು ಆಗತಾನೇ ತೊಡಗಿದ್ದಾಗ, ಜೋನ್ಸರ ಹೊಟ್ಟೆಯೊಳಗಿನ ಅಪೆಂಡಿಕ್ಸ್ ಒಡೆದು ಪ್ರಾಣಕ್ಕೇ ಸಂಚಕಾರ ಬಂದಿತು. ಶಸ್ತ್ರಚಿಕಿತ್ಸೆಯಾಗಿ ಬದುಕಿಕೊಂಡರು, ಆದರೆ ಒಂದು ಪಂದ್ಯದ ಹೊರತು ಆ ವರ್ಷವೆಲ್ಲ ಆಡಲಾಗಲಿಲ್ಲ. ಮುಂದಿನ ವರ್ಷ ಅವರು ಮರಳಿ ಬಂದರು. ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ತಂಡದೆದುರು ಒಂದು ಪಂದ್ಯ ಸೋತದ್ದೇ ಕೊನೆ. ಆಮೇಲೆ ಆ ತಂಡವು ಜೋನ್ಸ್ ಮತ್ತು ರಸ್ಸೆಲ್ಲರಿದ್ದಷ್ಟು ಕಾಲ ಸೋಲನ್ನೇ ಕಾಣಲಿಲ್ಲ. ಆ ವರ್ಷ ಎದುರಾಳಿಗಳು ಅವರ ಮೇಲೆ ಗಳಿಸಿದ್ದು ಪಂದ್ಯವೊಂದಕ್ಕೆ ಸರಾಸರಿ ಸುಮಾರು ೫೨ ಅಂಕಗಳು ಮಾತ್ರ.

ಓಕ್ಲಹೋಮಾದ ಪರೀಕ್ಷೆ

ಅದೇ ೧೯೫೪ರ ಡಿಸೆಂಬರಿನಲ್ಲಿ ತಂಡವು ಓಕ್ಲಹೋಮಾ ನಗರದ ಪಂದ್ಯಾವಳಿಗೆ ಹೋಯಿತು. ಶಾಲೆಗಳಲ್ಲಿ ವರ್ಣದ ಆಧಾರದಿಂದ ಮಕ್ಕಳನ್ನು ಬೇರ್ಪಡಿಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಮೇ ತಿಂಗಳಲ್ಲಿ ತೀರ್ಪು ನೀಡಿತ್ತು. ಆದರೆ ಕಾಗದದ ಮೇಲಿನ ತೀರ್ಪು ಹೋಟೆಲಿನ ಬಾಗಿಲನ್ನು ತಲಪಿರಲಿಲ್ಲ. ನಗರದ ಹೋಟೆಲುಗಳು ಕರಿಯ ಆಟಗಾರರಿಗೆ ಕೊಠಡಿ ಕೊಡಲು ಒಪ್ಪಲಿಲ್ಲ. ಬಿಳಿಯರು ಹೋಟೆಲಿನಲ್ಲಿ, ಕರಿಯರು ಬೇರೆಡೆಯಲ್ಲಿ ಎಂಬ ಏರ್ಪಾಡಿಗೆ ತಂಡವು ಸಮ್ಮತಿಸಲಿಲ್ಲ. ರಜೆಯ ಕಾರಣ ಬರಿದಾಗಿದ್ದ ಒಂದು ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಎಲ್ಲರೂ ಒಟ್ಟಾಗಿ ಇಳಿದುಕೊಂಡರು. ಅಭ್ಯಾಸಕ್ಕೆ ಇಳಿದಾಗ ಕೆಲವು ಪ್ರೇಕ್ಷಕರು ನಾಣ್ಯಗಳನ್ನೆಸೆದು ಹೀಯಾಳಿಸಿದರು. ರಸ್ಸೆಲ್ಲರು ಆ ನಾಣ್ಯಗಳನ್ನು ಆರಿಸಿ ನಗುತ್ತಾ ಶಿಕ್ಷಕರ ಕೈಗೆ ಕೊಟ್ಟರೆಂದು ಹೇಳುವರು. ಪಂದ್ಯಾವಳಿಯನ್ನು ಅವರೇ ಗೆದ್ದರು.

ವರ್ಣದ ಕಾರಣದಿಂದ ಅವಮಾನಿತನಾಗುವುದೆಂದರೇನೆಂಬುದು ನಮ್ಮ ದೇಶಕ್ಕೆ ತಿಳಿಯದ ವಿಷಯವಲ್ಲ. ೧೮೯೩ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೊದಲ ದರ್ಜೆಯ ಟಿಕೆಟ್ಟನ್ನು ಕೈಯಲ್ಲಿ ಹಿಡಿದಿದ್ದ ಯುವಕ ಬ್ಯಾರಿಸ್ಟರರನ್ನು ರೈಲಿನಿಂದ ಹೊರದೂಡಿದುದನ್ನು ನಾವು ಮರೆತಿಲ್ಲ. ನಮ್ಮ ಊರುಗಳಲ್ಲಿಯೇ ಬಾವಿಯ ಬಳಿ, ಗುಡಿಯ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ ನಡೆದುಬಂದ ಭೇದವನ್ನು ನೆನೆದರೆ, ಪರದೇಶದವರನ್ನು ಮಾತ್ರ ಬೊಟ್ಟುಮಾಡಿ ತೋರಿಸುವ ಅಧಿಕಾರ ನಮಗಿಲ್ಲವೆಂಬುದೂ ತಿಳಿಯುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆ ತಂಡವು ಒಬ್ಬನಿಗಾದ ಅವಮಾನವನ್ನು ಎಲ್ಲರಿಗೂ ಆದ ಅವಮಾನವೆಂದು ಬಗೆಯಿತು. ಅಂಕಣದೊಳಗೆ ಒಬ್ಬನ ಹಿಂದೆ ಇನ್ನೊಬ್ಬನು ನಿಂತು ತಡೆಯುವುದನ್ನು ಕಲಿತವರು ಅಂಕಣದ ಹೊರಗೂ ಹಾಗೆಯೇ ನಿಂತರು.

ಕಾನ್ಸಾಸ್ ನಗರದ ರಾತ್ರಿ

೧೯೫೫ರ ಮಾರ್ಚ್ ೧೯ರಂದು ಕಾನ್ಸಾಸ್ ನಗರದಲ್ಲಿ ಅಖಿಲ ಅಮೇರಿಕಾ ಕಾಲೇಜು ಪಂದ್ಯಾವಳಿಯ ಅಂತಿಮ ಪಂದ್ಯವು ನಡೆಯಿತು. ಎದುರು ಪಕ್ಷವು ಹಿಂದಿನ ವರ್ಷದ ವಿಜೇತರಾದ ಲಾ ಸಾಲ್ ಕಾಲೇಜು. ಅವರ ನಾಯಕಮಣಿ ಟಾಮ್ ಗೋಲಾ. ೬ ಅಡಿ ೬ ಅಂಗುಲ ಎತ್ತರದ ಆಳು. ಎತ್ತರದವರಂತೆ ಬುಟ್ಟಿಯ ಬಳಿ ಆಡಬಲ್ಲ, ಗಿಡ್ಡರಂತೆ ದೂರದಿಂದಲೂ ಆಡಬಲ್ಲ ಸವ್ಯಸಾಚಿ. ಅವನನ್ನು ಎದುರಿಸಲು ರಸ್ಸೆಲ್ಲರನ್ನೇ ನಿಯಮಿಸುವರೆಂದು ಎಲ್ಲರೂ ನಿರೀಕ್ಷಿಸಿದ್ದರು. ಹಾಗೆ ಮಾಡಿದ್ದರೆ ಗೋಲಾ ರಸ್ಸೆಲ್ಲರನ್ನು ಬುಟ್ಟಿಯಿಂದ ದೂರಕ್ಕೆ ಎಳೆದೊಯ್ಯುತ್ತಿದ್ದನು, ಒಳಕೋಟೆಯು ಬರಿದಾಗುತ್ತಿತ್ತು. ವೂಲ್‌ಪರ್ಟರು ಅದನ್ನು ಯೋಚಿಸಿ, ೬ ಅಡಿ ೧ ಅಂಗುಲದ ಜೋನ್ಸರನ್ನು ಗೋಲಾನಿಗೆ ಎದುರಾಗಿ ನಿಲ್ಲಿಸಿದರು. ಐದು ಅಂಗುಲ ಕಿರಿಯನು ಹಿರಿಯನನ್ನು ತಡೆಯಬೇಕು!

ಎತ್ತರದಲ್ಲಿ ಸೋತವನು ನೆಲದಲ್ಲಿ ಗೆಲ್ಲಬೇಕಷ್ಟೆ. ಗೋಲಾನ ಕೈಗೆ ಚೆಂಡು ಬಂದಮೇಲೆ ತಡೆಯುವುದಕ್ಕಿಂತ ಚೆಂಡೇ ಅವನಿಗೆ ಬಾರದಂತೆ ಮಾಡುವುದರಲ್ಲಿ ಜೋನ್ಸರು ತಮ್ಮ ಶ್ರಮವನ್ನೆಲ್ಲ ಹಾಕಿದರು. ಅವನು ತನಗೆ ಬೇಕಾದ ಸ್ಥಳಕ್ಕೆ ಹೋಗುವ ಮೊದಲೇ ಆ ಸ್ಥಳದಲ್ಲಿ ಜೋನ್ಸರು ಇರುತ್ತಿದ್ದರು. ಗೋಲಾನಿಗೆ ಒಟ್ಟು ದೊರೆತದ್ದು ೧೬ ಅಂಕಗಳು. ಪಂದ್ಯವನ್ನು ಸ್ಯಾನ್ ಫ್ರಾನ್ಸಿಸ್ಕೋ ೭೭–೬೩ರಿಂದ ಗೆದ್ದಿತು. ಇನ್ನೂ ಒಂದು ಸ್ವಾರಸ್ಯ. ತಡೆಯುವುದಕ್ಕೆಂದೇ ನಿಯಮಿತನಾದ ಈ ಕಾವಲುಗಾರನು ಆ ದಿನ ೨೪ ಅಂಕಗಳನ್ನೂ ಗಳಿಸಿದನು. ರಸ್ಸೆಲ್ಲರು ಗಳಿಸಿದ್ದು ೨೩. ಬಲ್ಲವನು ಗಳಿಸಲಾರದೆ ತಡೆಯುವವನಲ್ಲ. ತಂಡಕ್ಕೆ ಯಾವುದು ಬೇಕೋ ಅದನ್ನು ಕೊಡುವವನು. ಪಂದ್ಯಾವಳಿಯ ಶ್ರೇಷ್ಠ ಆಟಗಾರನೆಂಬ ಬಿರುದು ಮಾತ್ರ ರಸ್ಸೆಲ್ಲರಿಗೆ ಸಂದಿತು. ಜೋನ್ಸರು ಅದಕ್ಕಾಗಿ ವ್ಯಸನಪಟ್ಟಂತೆ ಕಾಣುವುದಿಲ್ಲ.

ಮರುವರ್ಷ ತಂಡವು ೨೯ ಪಂದ್ಯಗಳನ್ನಾಡಿ ೨೯ನ್ನೂ ಗೆದ್ದಿತು. ಆದರೆ ಕಾಯಿಲೆಯ ವರ್ಷದಲ್ಲಿ ಆಡಿದ ಆ ಒಂದು ಪಂದ್ಯವೇ ಈಗ ಅಡ್ಡಿಯಾಯಿತು. ಹೆಚ್ಚುವರಿ ವರ್ಷದಲ್ಲಿ ಆಡುತ್ತಿದ್ದ ಜೋನ್ಸರಿಗೆ ಸಾಧಾರಣ ಪಂದ್ಯಗಳಲ್ಲಿ ಅವಕಾಶವಿದ್ದರೂ ಅಖಿಲ ದೇಶದ ಪಂದ್ಯಾವಳಿಯಲ್ಲಿ ಆಡಲು ನಿಯಮವು ಬಿಡಲಿಲ್ಲ. ಅವರ ಸ್ಥಾನದಲ್ಲಿ ಜೀನ್ ಬ್ರೌನ್ ಎಂಬ ಕಿರಿಯ ಆಟಗಾರನು ಇಳಿದನು. ತಂಡವು ಅಯೋವಾವನ್ನು ೮೩–೭೧ರಿಂದ ಸೋಲಿಸಿತು. ಕಟ್ಟಿದವನು ಹೊರಗೆ ನಿಂತಿರುವಾಗಲೂ ಕಟ್ಟಡವು ನಿಲ್ಲುವುದಾದರೆ, ಕಟ್ಟಿದ್ದು ಚೆನ್ನಾಗಿದೆಯೆಂದೇ ಅರ್ಥ. ಅದೇ ೧೯೫೬ರ ಕೊನೆಯಲ್ಲಿ ಮೆಲ್ಬರ್ನ್ ಒಲಿಂಪಿಕ್ ಕೂಟದಲ್ಲಿ ಇಬ್ಬರು ಮಿತ್ರರೂ ಒಂದುಗೂಡಿದರು. ಅಂತಿಮ ಪಂದ್ಯದಲ್ಲಿ ಅಮೇರಿಕೆಯು ಸೋವಿಯತ್ ತಂಡವನ್ನು ೮೯–೫೫ರಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು.

ಲೆಕ್ಕಪುಸ್ತಕದ ಕೊರತೆ

ಎರಡು ವರ್ಷ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಅಮೇರಿಕನ್ ಫುಟ್‌ಬಾಲಿನ ತಂಡವೊಂದರಲ್ಲಿ ತಮ್ಮ ಅದೃಷ್ಟವನ್ನು ಪರೀಕ್ಷಿಸಿ ನೋಡಿ, ೧೯೫೮ರಲ್ಲಿ ಜೋನ್ಸರು ಬಾಸ್ಟನ್ ಸೆಲ್ಟಿಕ್ಸ್ ಎಂಬ ವೃತ್ತಿತಂಡವನ್ನು ಸೇರಿದರು. ಅಲ್ಲಿ ಬಾಬ್ ಕೌಸಿಯಂತಹ ಚತುರ ಕಾವಲುಗಾರರಿದ್ದುದರಿಂದ ಐದು ವರ್ಷ ಬದಲಿ ಆಟಗಾರರಾಗಿ ಹೆಚ್ಚಾಗಿ ಕಾದು ಕುಳಿತರು. ೧೯೬೩ರಲ್ಲಿ ಕೌಸಿ ನಿವೃತ್ತರಾದಾಗ, ತಂಡದ ಕಾಲವು ಮುಗಿಯಿತೆಂದು ಅನೇಕರು ಬರೆದರು. ಅವರ ಸ್ಥಾನಕ್ಕೆ ಜೋನ್ಸರು ಬಂದ ಮೇಲಿನ ಮೊದಲ ಮೂರು ವರ್ಷಗಳೂ ಸೆಲ್ಟಿಕ್ಸರೇ ಗೆದ್ದರು. ಒಟ್ಟು ಒಂಬತ್ತು ವರ್ಷಗಳ ಆಟದಲ್ಲಿ ೧೯೫೯ರಿಂದ ೧೯೬೬ರವರೆಗೆ ಸತತ ಎಂಟು ಸಲ ಅವರ ತಂಡವು ಅಗ್ರಪಟ್ಟವನ್ನು ಪಡೆಯಿತು. ಆಸ್ಕರ್ ರಾಬರ್ಟ್‌ಸನ್, ಜೆರಿ ವೆಸ್ಟ್ ಮೊದಲಾದ ಆ ಕಾಲದ ಮಹಾರಥಿಗಳನ್ನು ಎದುರಿಸುವ ಕೆಲಸ ಬಂದಾಗಲೆಲ್ಲ ಕರೆ ಬರುತ್ತಿದ್ದುದು ಜೋನ್ಸರಿಗೆ.

ಇಷ್ಟಾದರೂ ಅವರ ಲೆಕ್ಕವನ್ನು ತೆರೆದು ನೋಡಿದರೆ ಕಾಣುವುದೇನು? ಪಂದ್ಯಕ್ಕೆ ಸರಾಸರಿ ೭.೪ ಅಂಕ. ವರ್ಷಕ್ಕೊಮ್ಮೆ ಶ್ರೇಷ್ಠ ಆಟಗಾರರನ್ನು ಆರಿಸಿ ಆಡಿಸುವ ಪ್ರದರ್ಶನ ಪಂದ್ಯಕ್ಕೆ ಅವರನ್ನು ಒಂದು ಸಲವೂ ಆರಿಸಲಿಲ್ಲ. ಎದುರಾಳಿಯಿಂದ ಚೆಂಡನ್ನು ಕಸಿದುಕೊಂಡದ್ದನ್ನು ಆ ವೃತ್ತಿಪಂದ್ಯಗಳ ಲೆಕ್ಕದಲ್ಲಿ ಬರೆದಿಡಲು ಆರಂಭಿಸಿದ್ದು ೧೯೭೩–೭೪ರಲ್ಲಿ. ಶ್ರೇಷ್ಠ ತಡೆಗಾರರ ತಂಡವನ್ನು ಹೆಸರಿಸುವ ಪದ್ಧತಿ ಬಂದದ್ದು ೧೯೬೮–೬೯ರಲ್ಲಿ. ಜೋನ್ಸರು ಆಟವನ್ನು ಬಿಟ್ಟದ್ದು ೧೯೬೭ರಲ್ಲಿ. ಅವರು ಜೀವಮಾನವೆಲ್ಲ ಮಾಡಿದ ಕೆಲಸಕ್ಕೆ ಲೆಕ್ಕಪುಸ್ತಕದಲ್ಲಿ ಕಲಮೇ ಇರಲಿಲ್ಲ! ಸರ್ಕಾರಿ ಕಚೇರಿಗಳಲ್ಲಿ ಕಡತ ನೋಡಿ ಬಲ್ಲ ನಮ್ಮ ಓದುಗರು ಇದರ ಮರ್ಮವನ್ನು ಕೂಡಲೇ ಅರಿಯುವರು. ನಮೂನೆಯಲ್ಲಿ ಕಲಮಿಲ್ಲದ ಕೆಲಸವು ವರದಿಗೆ ಬಾರದು. ವರದಿಗೆ ಬಾರದ ಕೆಲಸಕ್ಕೆ ಬಡ್ತಿಯಿಲ್ಲ. ಕೊನೆಗೆ ೧೯೮೯ರಲ್ಲಿ, ಆಟ ಬಿಟ್ಟು ೨೨ ವರ್ಷಗಳಾದ ಮೇಲೆ, ನೈಸ್ಮಿತರ ಹೆಸರಿನ ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನ ದೊರೆಯಿತು. ಕಾಲೇಜು ಪಟ್ಟ, ಒಲಿಂಪಿಕ್ ಚಿನ್ನ, ವೃತ್ತಿಪಟ್ಟ ಈ ಮೂರನ್ನೂ ಪಡೆದವರು ಇಂದಿಗೂ ಬೆರಳೆಣಿಕೆಯವರು, ಅವರಲ್ಲಿ ಇವರೊಬ್ಬರು.

ಶಿಕ್ಷಕನಾಗಿ

ಆಟದ ನಂತರ ಜೋನ್ಸರು ಶಿಕ್ಷಕರಾದರು. ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ತೊಡಗಿ ನಾನಾ ಕಡೆ ಕೆಲಸಮಾಡಿ, ೧೯೭೩ರಲ್ಲಿ ವಾಷಿಂಗ್ಟನ್ ಪ್ರಾಂತದ ಬುಲೆಟ್ಸ್ ತಂಡಕ್ಕೆ ಮುಖ್ಯ ಶಿಕ್ಷಕರಾದರು. ೧೯೭೪–೭೫ರಲ್ಲಿ ಆ ತಂಡವು ೬೦ ಪಂದ್ಯಗಳನ್ನು ಗೆದ್ದು ಅಂತಿಮ ಸರಣಿಗೆ ಬಂದಿತು. ಎದುರು ತಂಡದ ಶಿಕ್ಷಕ ಆಲ್ ಆಟಲ್ಸರೂ ಕರಿಯರೇ. ಅಂತಿಮ ಸರಣಿಯಲ್ಲಿ ಎರಡೂ ಕಡೆ ಕರಿಯ ಶಿಕ್ಷಕರು ನಿಂತದ್ದು ಅದೇ ಮೊದಲು. ಆದರೆ ಸರಣಿಯಲ್ಲಿ ಬುಲೆಟ್ಸ್ ತಂಡವು ನಾಲ್ಕಕ್ಕೆ ನಾಲ್ಕು ಪಂದ್ಯಗಳನ್ನೂ ಸೋತಿತು. ವಿರಾಮದ ವೇಳೆ ಸಹಾಯಕನು ಹಲಗೆಯ ಮೇಲೆ ಗೆರೆ ಎಳೆಯುತ್ತಿರುವುದನ್ನೂ, ಜೋನ್ಸರು ಪಕ್ಕದಲ್ಲಿ ಮೌನವಾಗಿರುವುದನ್ನೂ ಟೆಲಿವಿಷನ್ ತೋರಿಸಿತು. ಅಷ್ಟರಿಂದಲೇ ಈತನಿಗೆ ಏನೂ ತಿಳಿಯದೆಂಬ ಅಪವಾದ ಹುಟ್ಟಿ, ಮರುವರ್ಷ ಕೆಲಸವೂ ಹೋಯಿತು. ಕಿರಿಯರಿಗೆ ಮಾತನಾಡಲು ಎಡೆಕೊಟ್ಟ ಹಿರಿಯನನ್ನು ದಡ್ಡನೆಂದು ಬಗೆಯುವುದು ಲೋಕದ ಹಳೆಯ ರೋಗ. ಜೋನ್ಸರು ಪತ್ರಿಕೆಗಳಲ್ಲಿ ವಾದಕ್ಕಿಳಿಯದೆ, ಮತ್ತೆ ಸಹಾಯಕ ಶಿಕ್ಷಕರಾಗಿ ಕೆಳಗಿನ ಪೀಠದಲ್ಲಿ ವರ್ಷಗಟ್ಟಲೆ ಕುಳಿತರು.

೧೯೮೩ರಲ್ಲಿ ಸೆಲ್ಟಿಕ್ಸ್ ತಂಡವು ಅವರನ್ನು ಮುಖ್ಯ ಶಿಕ್ಷಕರನ್ನಾಗಿ ಮಾಡಿಕೊಂಡಿತು. ಐದು ವರ್ಷಗಳಲ್ಲಿ ತಂಡವು ನಾಲ್ಕು ಸಲ ಅಂತಿಮ ಸರಣಿಯನ್ನು ಮುಟ್ಟಿ, ೧೯೮೪ರಲ್ಲಿಯೂ ೧೯೮೬ರಲ್ಲಿಯೂ ಪಟ್ಟವನ್ನು ಗೆದ್ದಿತು. ೧೯೮೫–೮೬ರಲ್ಲಿ ೬೭ ಪಂದ್ಯಗಳನ್ನು ಗೆದ್ದು ೧೫ನ್ನು ಮಾತ್ರ ಸೋತ ಆ ತಂಡವನ್ನು ಬ್ಯಾಸ್ಕೆಟ್‌ಬಾಲಿನ ಸರ್ವಶ್ರೇಷ್ಠ ತಂಡಗಳಲ್ಲಿ ಒಂದೆಂದು ಇಂದಿಗೂ ಎಣಿಸುವರು. ಶಿಕ್ಷಕರ ಸ್ವಭಾವವು ಬದಲಾಗಿರಲಿಲ್ಲ. ಅದೇ ಮೌನ, ಅದೇ ಕಿರಿಯರ ಮಾತಿಗೆ ಕಿವಿಗೊಡುವ ಗುಣ. ಸೋತಾಗ ಯಾವುದನ್ನು ದೋಷವೆಂದರೋ ಗೆದ್ದಾಗ ಅದನ್ನೇ ವಿವೇಕವೆಂದರು. ಮರೆವಿನ ಕಾಯಿಲೆಯಿಂದ ಕೊನೆಯ ದಿನಗಳನ್ನು ಕಳೆದು, ೨೦೨೦ರ ಡಿಸೆಂಬರ್ ೨೫ರಂದು, ೮೮ನೆಯ ವಯಸ್ಸಿನಲ್ಲಿ ಜೋನ್ಸರು ತೀರಿಕೊಂಡರು. ಕಾಲೇಜಿನ ಸ್ನೇಹಿತ ರಸ್ಸೆಲ್ಲರು ೨೦೨೨ರ ಜುಲೈ ೩೧ರಂದು ಅವರನ್ನು ಹಿಂಬಾಲಿಸಿದರು.

ನಮ್ಮ ಕರ್ತವ್ಯ

ಈ ಚರಿತ್ರೆಯಿಂದ ನಮ್ಮ ನಾಲ್ಕು ತಾಲ್ಲೂಕುಗಳು ಕಲಿಯಬಹುದಾದುದೇನು? ತಡೆಯುವ ವಿದ್ಯೆಯು ನಮ್ಮ ದೇಶೀಯ ಆಟಗಳಿಗೆ ಹೊಸದಲ್ಲ. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿದು ನಿಲ್ಲಿಸಿದರೆ ಅಂಕವುಂಟು. ಮೂವರು ಅಥವಾ ಅದಕ್ಕೂ ಕಡಮೆ ಮಂದಿ ಉಳಿದಿರುವಾಗ ಹಿಡಿದರೆ ಇನ್ನೊಂದು ಅಂಕ ಹೆಚ್ಚು. ಖೋ ಖೋ ಆಟದಲ್ಲಿ ಅಟ್ಟುವವರಿಗೆ ಅಂಕವಾದರೆ, ಓಡುವವರು ಎಷ್ಟು ನಿಮಿಷ ಉಳಿದರೆಂಬುದನ್ನು ಗಡಿಯಾರ ನೋಡಿ ಬರೆದಿಡುವ ಪದ್ಧತಿ ಹಿಂದಿನಿಂದಲೂ ಇದೆ. ಈಚಿನ ನಿಯಮಗಳಲ್ಲಿ ಗೊತ್ತಾದ ಅವಧಿಯನ್ನು ಮೀರಿ ಉಳಿದವರಿಗೂ ಅಂಕ ಕೊಡುತ್ತಾರೆ. ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಕರ್ನಾಟಕದ ಚೈತ್ರಾ ಇದ್ದುದು ನಮ್ಮ ನಾಡಿನ ಹೆಮ್ಮೆ. ಅಮೇರಿಕೆಯ ವೃತ್ತಿಪಂದ್ಯಗಳ ಲೆಕ್ಕಪುಸ್ತಕವು ೧೯೭೩ರವರೆಗೆ ಕಾಣದಿದ್ದುದನ್ನು ನಮ್ಮ ಹಳ್ಳಿಯ ಆಟವು ಗಡಿಯಾರ ಹಿಡಿದು ಕಂಡಿತ್ತು. ಆ ದೃಷ್ಟಿಯನ್ನು ನಾವು ಕಳೆದುಕೊಳ್ಳಬಾರದು.

ಆದುದರಿಂದ ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿಯೂ, ತಾಲ್ಲೂಕು ಕ್ರೀಡಾಕೂಟಗಳಿಗೆ ಬಹುಮಾನ ಕೊಡುವ ದಾನಿಗಳಲ್ಲಿಯೂ ನಾವು ಮೂರು ಬಿನ್ನಹಗಳನ್ನು ಮಾಡುತ್ತೇವೆ. ಮೊದಲನೆಯದು, ಪ್ರತಿ ಆಟದಲ್ಲಿಯೂ ಅತ್ಯಧಿಕ ಅಂಕ ಗಳಿಸಿದವನಿಗೆ ಕೊಡುವಷ್ಟೇ ಬೆಲೆಯ ಬಹುಮಾನವನ್ನು ಅತ್ಯುತ್ತಮ ತಡೆಗಾರನಿಗೂ ಕೊಡಬೇಕು. ಎರಡನೆಯದು, ಪಂದ್ಯದ ಲೆಕ್ಕಪತ್ರದಲ್ಲಿ ಅದಕ್ಕೊಂದು ಕಲಮನ್ನು ಸೇರಿಸಬೇಕು. ಇದಕ್ಕೆ ಆಯವ್ಯಯದ ಮಂಜೂರಾತಿ ಬೇಕಿಲ್ಲ, ಒಂದು ಗೆರೆ ಎಳೆದರೆ ಸಾಕು. ಮೂರನೆಯದು, ಅಂಕಣವಿಲ್ಲದ ಶಾಲೆಗಳು ಅಂಕಣವುಳ್ಳ ಶಾಲೆಯನ್ನು ಸಂಜೆಯ ವೇಳೆ ಹಂಚಿಕೊಳ್ಳುವ ಏರ್ಪಾಡನ್ನು ಇಲಾಖೆಯೇ ಮಾಡಬೇಕು. ಎರವಲು ಮಂದಿರದಲ್ಲಿ ಅಭ್ಯಾಸಮಾಡಿದವರು ದೇಶವನ್ನೇ ಗೆದ್ದ ನಿದರ್ಶನವು ನಮ್ಮ ಮುಂದಿದೆ.

ಎದ್ದು ಕಾಣುವ ಕೆಲಸಕ್ಕೆ ಜನ ತಾವಾಗಿಯೇ ಮುಂದೆ ಬರುತ್ತಾರೆ. ಕಾಣದ ಕೆಲಸಕ್ಕೆ ಜನರನ್ನು ಸಿದ್ಧಗೊಳಿಸುವುದು ಸಮಾಜದ ಹೊಣೆ. ಲಂಚವನ್ನು ತಡೆದ ಗುಮಾಸ್ತೆ, ಸಾಂಕ್ರಾಮಿಕವನ್ನು ತಡೆದ ಆರೋಗ್ಯ ಸಹಾಯಕಿ, ಬಾಲ್ಯವಿವಾಹವನ್ನು ತಡೆದ ಉಪಾಧ್ಯಾಯ, ಕೆರೆಯಂಗಳದ ಒತ್ತುವರಿಯನ್ನು ತಡೆದ ಗ್ರಾಮಲೆಕ್ಕಿಗ—ಇವರೆಲ್ಲರೂ ಜೋನ್ಸರ ಕುಲದವರು. ಅವರ ಕೆಲಸವು ಫಲಿಸಿದಾಗ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಿರುವುದೇ ಅವರ ಗೆಲುವು. ಅಂತಹವರನ್ನು ಗುರುತಿಸುವ ಕಣ್ಣು ಶಾಲೆಯ ಆಟದ ಬಯಲಿನಲ್ಲಿಯೇ ಮೂಡಲಿ. ಈ ವರ್ಷದ ಕ್ರೀಡಾಕೂಟದಲ್ಲಿ ಒಂದು ತಾಲ್ಲೂಕಾದರೂ ಮುಂದಾಗಿ ಕಾವಲುಗಾರನ ಹೆಸರನ್ನು ವೇದಿಕೆಯಿಂದ ಕರೆದರೆ ನಮ್ಮ ಈ ಬರೆಹವು ಸಾರ್ಥಕವಾಯಿತೆಂದು ತಿಳಿಯುವೆವು.